ಬೆನ್ನ ಹಿಂದೆ ಯಾರಿದ್ದರು

ಸೈಕಲ್ ಹೊಡೆಯುವುದೇ ಒಂದು ಕಾಲಕ್ಕೆ ನನ್ನ ನೌಕರಿಯಾಗಿತ್ತು ಅಂದರೆ ನಮ್ಮ ಕಡೆ ಇವತ್ತಿಗೂ ಯಾರೂ ನಂಬುವುದಿಲ್ಲ. ನಾನೀಗ ವಾಡಿಯ ಒಂದು ಶಾಲೆಯಲ್ಲಿ ಆಟದ ಮಾಸ್ತರ. ಹೊಸದಾಗಿ ವರ್ಗವಾಗಿ ಬಂದ ಮಾಸ್ತರರು ಚಹಾ ಕುಡಿಯುತ್ತಾ ಕೇಳುತ್ತಾರೆ, "ಅಂದ್ರ ದಿನಾ ಸೈಕಲ್ ಮ್ಯಾಲೆ ಎಲ್ಲಿಗಿ ಹೋಗ್ತಿದ್ರಿ ಸರ್?" ಎಲ್ಲಿಗೂ ಇಲ್ಲಪ್ಪ. ನೂರಾಹತ್ತು ಕಿಲೋಮೀಟರ್ ಹೊಟ್ಟೆ ಬಾಯಿಗೆ ಬರುವ ಹಾಗೆ ತುಳಿದು, ಹೋದ ದಾರಿಯಲ್ಲೇ ಜೀಪಿನಲ್ಲಿ ಕೂತು ವಾಪಸ್ ಬರುತ್ತಿದ್ದೆವು. ಎಷ್ಟು ಗೆದ್ದಿದ್ದೀರಿ ಎಂದೂ ಕೇಳುತ್ತಾರೆ. ಒಂದೂ ಇಲ್ಲ ಅಂದರೆ ಪಾಪ ಅನ್ನುವ ಮುಖ ಮಾಡುತ್ತಾರೆ. ಆ ಮುಖ ನೋಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗೆಲ್ಲುವುದು ನನ್ನ ಕೆಲಸವೇ ಆಗಿರಲಿಲ್ಲ ಎಂದು ಇವರಿಗೆ ಹೇಗೆ ತಿಳಿಸಲಿ?

ಇವರ್‍ಯಾರೂ ಕೇಳದ ಪ್ರಶ್ನೆಯೊಂದಿದೆ. ಅದನ್ನು ನಾನೇ ಕೇಳಿಕೊಳ್ಳುತ್ತಾ ಹನ್ನೊಂದು ವರ್ಷವಾಯಿತು. ನಮ್ಮ ತಂಡದ ನಾಯಕನ ಕೊನೆಯ ರೇಸನ್ನು ನನ್ನ ಎರಡು ಕಾಲುಗಳೇ ಕೆಡಿಸಿದವು. ಗೊತ್ತಿಲ್ಲದೆ ಕೆಡಿಸಿದೆನೋ, ಒಳಗೊಳಗೆ ಗೊತ್ತಿದ್ದೇ ಕೆಡಿಸಿದೆನೋ, ನನಗೆ ಇನ್ನೂ ತಿಳಿದಿಲ್ಲ.

ನನ್ನ ಕೆಲಸ ಏನಿತ್ತು ಅನ್ನುವುದನ್ನು ಮೊದಲು ಹೇಳಬೇಕು. ನಾನು ಶಹಾಬಾದಿನವನು. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಹೈಸ್ಕೂಲಿನ ದಿನಗಳಲ್ಲಿ ನಾನು ವಾಡಿ ರಸ್ತೆಯಲ್ಲಿ ಸಿಮೆಂಟ್ ಒಯ್ಯುವ ಬಲ್ಕರ್ ಲಾರಿಗಳ ಹಿಂದೆ ಸೈಕಲ್ ಹೊಡೆಯುತ್ತಿದ್ದೆ. ದೊಡ್ಡ ಲಾರಿಯ ಬೆನ್ನಿಗೆ ಹತ್ತಿಕೊಂಡು ಹೋದರೆ ಎದುರುಗಾಳಿ ತಾಕುವುದಿಲ್ಲ, ಅರ್ಧ ಶಕ್ತಿಯಲ್ಲಿ ಎರಡು ಪಟ್ಟು ವೇಗ. ಅದು ಯಾವಾಗ ಬ್ರೇಕ್ ಹಾಕುತ್ತದೋ ದೇವರಿಗೇ ಗೊತ್ತು. ಅವ್ವನಿಗೆ ತಿಳಿದಿದ್ದರೆ ಕಾಲು ಮುರಿಯುತ್ತಿದ್ದಳು. ಮುಂದೆ ಕ್ರೀಡಾ ಹಾಸ್ಟೆಲ್ ಸೇರಿ, ಅಲ್ಲಿಂದ ಒಂದು ಖಾಸಗಿ ಕಂಪನಿಯ ತಂಡಕ್ಕೆ ಸಂಬಳದ ಮೇಲೆ ಹೋದಾಗ ಕೋಚ್ ಸಾಹೇಬರು ನನ್ನ ಅಗಲ ಭುಜ ನೋಡಿ ಅಂದರು, "ನೀ ಮುಂದ ಹೋಗು. ಗಾಳಿ ನೀ ಹಿಡಿ. ನಿನ್ನ ಹಿಂದ ಅಣ್ಣ ಬರ್ತಾನ." ಅಂದರೆ ನಾನೇ ಲಾರಿಯಾದೆ.

ಅಣ್ಣ ಅಂದರೆ ನಮ್ಮ ತಂಡದ ನಾಯಕ, ಚಿಂಚೋಳಿ ತಾಲ್ಲೂಕಿನ ಐನಾಪುರದವನು. ನನಗಿಂತ ಹತ್ತು ವರ್ಷ ದೊಡ್ಡವನು. ತೆಳ್ಳಗೆ, ಕಡ್ಡಿಯ ಹಾಗೆ. ಎಷ್ಟೇ ಜೋರಾಗಿ ತುಳಿದರೂ ಅವನ ಭುಜ ಅಲುಗುತ್ತಿರಲಿಲ್ಲ, ಕಾಲು ಮಾತ್ರ ತಿರುಗುತ್ತಿತ್ತು. ಅವನು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. "ಏ ಶಹಾಬಾದಾ" ಅನ್ನುತ್ತಿದ್ದ, ಇಲ್ಲದಿದ್ದರೆ "ತಮ್ಮಾ". ರೇಸಿನಲ್ಲಿ ಕೊನೆಯ ಒಂದು ಕಿಲೋಮೀಟರಿನ ತನಕ ನಾನು ಗಾಳಿ ಸೀಳಿಕೊಂಡು ಹೋಗಬೇಕು, ಅವನು ನನ್ನ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ಬರಬೇಕು. ಕೊನೆಗೆ ನಾನು ಸುಸ್ತಾಗಿ ಬದಿಗೆ ಸರಿದಾಗ ಅವನು ಚಿಮ್ಮಬೇಕು. ಗೆದ್ದರೆ ಫೋಟೋ ಅವನದು. ನನಗೆ ಅದರಲ್ಲಿ ಎಳ್ಳಷ್ಟೂ ಬೇಸರ ಇರಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಈ ಕೆಲಸಕ್ಕೆ ಒಂದು ರಿವಾಜು ಇತ್ತು. ಗಾಳಿ ಹಿಡಿಯುವವನು ಹಿಂದೆ ತಿರುಗಿ ನೋಡಬಾರದು. ತಿರುಗಿದರೆ ಹ್ಯಾಂಡಲ್ ಒಂದು ಬೆರಳಷ್ಟು ಓಲಾಡುತ್ತದೆ, ಹಿಂದಿನವನ ಗಾಲಿ ತಾಕಿ ಇಪ್ಪತ್ತು ಮಂದಿ ರಸ್ತೆಗೆ ಬೀಳುತ್ತಾರೆ. ಅಣ್ಣನೂ ಮಾತಾಡುವುದಿಲ್ಲ, ಉಸಿರು ಉಳಿಸಿಕೊಳ್ಳುತ್ತಾನೆ. ಜೋರು ಬೇಕಾದರೆ ಎರಡು ಬೆರಳಿನಿಂದ ನನ್ನ ಸೊಂಟಕ್ಕೆ ತಟ್ಟುತ್ತಿದ್ದ. ನೀರು ಕೊಡಬೇಕಾದರೆ ನಾನು ಬಾಟಲಿಯನ್ನು ಬೆನ್ನ ಹಿಂದೆ ಚಾಚುತ್ತಿದ್ದೆ, ಅವನ ಕೈ ಬಂದು ತೆಗೆದುಕೊಳ್ಳುತ್ತಿತ್ತು. ಐದು ವರ್ಷ ಹೀಗೆ ನಡೆಯಿತು.

ಆ ಕೊನೆಯ ರೇಸು ನಮ್ಮದೇ ರಸ್ತೆಗಳಲ್ಲಿತ್ತು. ಚಂದಾಪುರದಲ್ಲಿ ಬೆಳಗಿನ ಆರೂವರೆಗೆ ಶುರು, ಸೇಡಂ, ಚಿತ್ತಾಪುರ, ವಾಡಿ ಹಾದು ಶಹಾಬಾದದಲ್ಲಿ ಮುಕ್ತಾಯ. ಅಣ್ಣನ ಊರ ಪಕ್ಕದಲ್ಲಿ ಹೊರಟು ನನ್ನ ಊರಲ್ಲಿ ಮುಗಿಯುವ ರೇಸು. ಅಣ್ಣನಿಗೆ ಆಗ ಮೂವತ್ತನಾಲ್ಕು. ಕಂಪನಿಯವರು ಹಿಂದಿನ ವಾರವೇ ಮಾತು ಮುಗಿಸಿದ್ದರು: ಇದನ್ನು ಗೆದ್ದರೆ ಇನ್ನೊಂದು ವರ್ಷ ತಂಡದಲ್ಲಿ ಇರಬಹುದು, ಇಲ್ಲದಿದ್ದರೆ ಸೈಕಲ್ ಒಪ್ಪಿಸಿ ಮನೆಗೆ ಹೋಗಬೇಕು. ಅಣ್ಣ ಇದನ್ನು ನನ್ನೊಬ್ಬನಿಗೆ ಮಾತ್ರ ಹೇಳಿದ್ದ. ಹೇಳಿ, ಬಾಳೆಹಣ್ಣು ಸುಲಿಯುತ್ತಾ, "ನೀ ಇದ್ದೀಯಲ್ಲ, ನೋಡೂಣು" ಅಂದಿದ್ದ.

ಸೇಡಂ ಮುಟ್ಟುವಷ್ಟರಲ್ಲಿ ನಮ್ಮ ತಂಡದ ಐವರಲ್ಲಿ ಮೂವರು ಹಿಂದೆ ಬಿದ್ದಿದ್ದರು. ಉಳಿದವರು ಅಣ್ಣ ಮತ್ತು ನಾನು. ಸೇಡಂ ದಾಟಿದ ಮೇಲೆ ಅಣ್ಣ ಸನ್ನೆ ಮಾಡಿದ, ನೀರು ಮುಗಿದಿದೆ ಎಂದು. ನಾನು ಗುಂಪಿನ ಹಿಂದಕ್ಕೆ ಸರಿದು, ನಮ್ಮ ಜೀಪು ಹತ್ತಿರ ಬರುವ ತನಕ ಕಾದು, ಕೋಚ್ ಸಾಹೇಬರ ಕೈಯಿಂದ ನಾಲ್ಕು ಬಾಟಲಿ ಇಸಿದುಕೊಂಡು ಬೆನ್ನಿನ ಜೇಬಿಗೆ ತುರುಕಿಕೊಂಡೆ. ಮತ್ತೆ ಗುಂಪು ಹಿಡಿಯಲು ತುಳಿಯುತ್ತಿದ್ದಾಗಲೇ ಮುಂದೆ ರೈಲ್ವೆ ಗೇಟ್ ಬಿತ್ತು. ನಾನು ಹೋಗಿ ಮುಟ್ಟಿದಾಗ ಅಲ್ಲಿ ಸಂತೆಯೇ ನೆರೆದಿತ್ತು. ಸೈಕಲ್ ನಿಲ್ಲಿಸಿದ ಮೂವತ್ತು ಮಂದಿ, ನಡುವೆ ಎರಡು ಬಲ್ಕರ್, ಮೂರು ಗಾಲಿಯ ಟಂಟಂ ಗಾಡಿ, ಹತ್ತಿ ಹೇರಿದ ಟ್ರ್ಯಾಕ್ಟರು, ಹಾರ್ನು. ಗೂಡ್ಸ್ ಗಾಡಿ ಮುಗಿಯುತ್ತಲೇ ಇರಲಿಲ್ಲ. ನಮ್ಮ ಜೀಪು ಲಾರಿಗಳ ಹಿಂದೆಲ್ಲೋ ಸಿಕ್ಕಿಬಿದ್ದಿತ್ತು, ಆಮೇಲೆ ಮುಕ್ತಾಯದ ತನಕ ನನಗೆ ಕಾಣಲೇ ಇಲ್ಲ.

"ಒಬ್ಬ ದಾಟ್ಯಾನ," ಅಂದರು ಯಾರೋ. ಗೇಟ್ ಬೀಳುವ ಹೊತ್ತಿಗೆ ಸರಿಯಾಗಿ ಒಬ್ಬನೇ ಒಬ್ಬ ಸವಾರ ಆಚೆ ನುಸುಳಿದ್ದನಂತೆ. ನಿಯಮದ ಪ್ರಕಾರ ಅದು ಅವನ ನಸೀಬು, ಉಳಿದವರು ಕಾಯಬೇಕು. ಯಾರು ಅಂತ ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ, ನನಗೆ ಅಣ್ಣ ಬಾಯಾರಿ ನಿಂತಿರುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ದಾಟಿದವನೇ ಅಣ್ಣ ಆಗಿರಬಹುದು ಎಂಬ ವಿಚಾರ ಹೊಳೆಯಲಿಲ್ಲ. ಈಗ ಕೂತು ಯೋಚಿಸಿದರೆ ಅದು ಹೊಳೆಯದೇ ಇದ್ದದ್ದೇ ದೊಡ್ಡ ಆಶ್ಚರ್ಯ.

ಗೇಟ್ ಎದ್ದಿತು. ಎಲ್ಲರೂ ಒಮ್ಮೆಲೇ ನುಗ್ಗಿದರು. ಆ ಗದ್ದಲದಲ್ಲಿ ನಾನು ಸಂದಿ ಹುಡುಕಿಕೊಂಡು ಮುಂದಕ್ಕೆ ಬಂದು ಎಂದಿನಂತೆ ಮೊದಲ ಜಾಗ ಹಿಡಿದೆ. ಅಣ್ಣ ನನ್ನ ಬೆನ್ನು ಕಂಡರೆ ತಾನೇ ಬಂದು ಹಿಂದೆ ಕೂಡುತ್ತಾನೆ, ಅದು ನಮ್ಮ ರೂಢಿ. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಹತ್ತಿರವಾಗಿ ಒಂದು ಗಾಲಿಯ ಸದ್ದು ಬಂತು. "ಅಣ್ಣಾ, ನೀರು" ಎಂದು ಬಾಟಲಿ ಹಿಂದಕ್ಕೆ ಚಾಚಿದೆ. ಒಂದು ಕೈ ಅದನ್ನು ತೆಗೆದುಕೊಂಡಿತು. ಇಷ್ಟು ಖಂಡಿತ. ಆಮೇಲೆ ಸೊಂಟಕ್ಕೆ ಎರಡು ಬೆರಳು ತಟ್ಟಿದ ಹಾಗೂ ಆಯಿತು. ಇದು ಖಂಡಿತ ಇಲ್ಲ. ಜೇಬಿನಲ್ಲಿದ್ದ ಬಾಟಲಿಗಳು ಕುಲುಕಿ ತಾಕಿದ್ದೂ ಇರಬಹುದು.

ನಾನು ಹೊರಟೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಸೈಕಲ್ ಹೊಡೆದದ್ದಿಲ್ಲ. ಚಿತ್ತಾಪುರ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಬೇರೆ ತಂಡದವರು ಒಬ್ಬರೂ ಮುಂದೆ ಬಂದು ಸರದಿ ತೆಗೆದುಕೊಳ್ಳಲಿಲ್ಲ. "ಲೇ, ಒಬ್ಬರಾದ್ರೂ ಗಾಳಿ ಹಿಡೀರ್‍ಯೋ, ಸೋಮಾರಿಗಳಾ!" ಎಂದು ಮೋರೆ ತಿರುಗಿಸದೆ ಬೈದೆ. ಹಿಂದೆ ಯಾರೋ ನಕ್ಕರು. ನಗುವವರು ನಗಲಿ ಅಂದುಕೊಂಡೆ. ಪಾಪ, ಅವರಾದರೂ ಏನು ಮಾಡಿಯಾರು? ಒಂದು ತಂಡದ ನಾಯಕ ಮುಂದೆ ಒಬ್ಬನೇ ಗೆಲ್ಲುತ್ತಾ ಹೋಗುತ್ತಿದ್ದರೆ, ಅವನ ತಮ್ಮನೇ ಎದುರಾಳಿಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಅವನನ್ನು ಹಿಡಿಯಲು ಹೊರಟಿದ್ದಾನೆ. ಇಂಥ ತಮಾಷೆ ಯಾವ ಸವಾರನಿಗೂ ಎರಡನೇ ಸಲ ನೋಡಲು ಸಿಗುವುದಿಲ್ಲ. ಅವರು ಬಾಯಿ ಹೊಲಿದುಕೊಂಡು ನನ್ನ ಹಿಂದೆ ಆರಾಮಾಗಿ ಬಂದರು.

ಇಲ್ಲೇ ನನ್ನ ತಲೆ ಕೆಡುವುದು. ಎಡ ಬೆನ್ನಿಗೆ ಎಳೆ ಬಿಸಿಲಿತ್ತು. ಹಿಂದಿದ್ದವನ ನೆರಳು ನನ್ನ ಬಲಕ್ಕೆ, ತುಸು ಮುಂದೆ, ರಸ್ತೆಯ ಮೇಲೆ ಉದ್ದಕ್ಕೆ ಬೀಳುತ್ತಿತ್ತು. ಆ ನೆರಳಿನ ಭುಜ ಅಲುಗುತ್ತಿತ್ತು. ಎತ್ತು ನೊಗ ಕೊಡವಿದ ಹಾಗೆ ಅಲುಗುತ್ತಿತ್ತು. ಐದು ವರ್ಷ ಅಣ್ಣನ ಸಂಗಡ ತುಳಿದವನಿಗೆ ಆ ನೆರಳು ಅವನದಲ್ಲ ಎಂದು ತಿಳಿಯಬೇಡವೇ? ನಾನು ನೋಡಿದೆ. ನೋಡಿ ಏನಂದುಕೊಂಡೆ ಗೊತ್ತೇ? "ಅಣ್ಣ ಇವತ್ತು ದಣಿದಾನ, ಪಾಪ." ಹಾಗಂದುಕೊಂಡು ಇನ್ನಷ್ಟು ಜೋರು ತುಳಿದೆ.

ಒಂದು ಸಲ, ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಮುಗಿಯುತ್ತಿತ್ತು. ರಿವಾಜು ಅಡ್ಡ ಬಂತು ಅನ್ನುವುದು ಹೇಳಿಕೊಳ್ಳಲು ಚೆನ್ನಾಗಿದೆ. ಆದರೆ ಇನ್ನೊಂದು ಮಾತಿದೆ, ಅದನ್ನು ಹೆಂಡತಿಗೂ ಹೇಳಿದವನಲ್ಲ. ಮುಂದೆ ಇದ್ದದ್ದು ನನ್ನ ಊರು. ನಮ್ಮ ಓಣಿಯ ಮಂದಿಯೆಲ್ಲ ರಸ್ತೆಗೆ ಬಂದು ನಿಂತಿರುತ್ತಾರೆ, ಅವ್ವ ಬಂದಿರುತ್ತಾಳೆ ಎಂದು ಗೊತ್ತಿತ್ತು. ಅವರೆಲ್ಲ ನನ್ನನ್ನು ಎಲ್ಲರಿಗಿಂತ ಮುಂದೆ ನೋಡಬೇಕು ಎಂಬ ಆಸೆ ನನಗಿತ್ತು. ಗೆಲ್ಲುವುದು ಬೇಡ, ಊರೊಳಗೆ ಕಾಲಿಡುವಾಗ ಮುಂದಿದ್ದರೆ ಸಾಕು. ಅದಕ್ಕೆ ಆ ಮುಂದಿನವನು ಅಡ್ಡವಾಗಿದ್ದ. ತಿರುಗಿ ನೋಡಿ, ಹಿಂದೆ ಅಣ್ಣ ಇಲ್ಲ ಎಂದು ತಿಳಿದಿದ್ದರೆ ನಾನು ತುಳಿಯುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಅದಕ್ಕೇ ನೋಡಲಿಲ್ಲವೋ ಏನೋ. ಹೌದು ಅನ್ನಲೂ ಧೈರ್ಯವಿಲ್ಲ, ಅಲ್ಲ ಅನ್ನಲೂ ಇಲ್ಲ.

ವಾಡಿ ದಾಟಿ ಎರಡು ತಿರುವು ಕಳೆದ ಮೇಲೆ ಅವನು ಕಂಡ. ಮುಂದೆ ಒಂದು ಮೋಟಾರ್ ಸೈಕಲ್, ಅದರ ಹಿಂದೆ ಒಂಟಿ ಸವಾರ. ಸಿಮೆಂಟಿನ ಧೂಳಿಗೆ ಅಂಗಿಯ ಬಣ್ಣ ತಿಳಿಯುತ್ತಿರಲಿಲ್ಲ. ಅವನು ಒಮ್ಮೆ ಹಿಂದೆ ನೋಡಿದ. ಮತ್ತೆ ನೋಡಿದ. ಅವನ ವೇಗ ಕಡಿಮೆಯಾಯಿತು. ಸುಸ್ತಾದ, ಸಿಕ್ಕ ಮಗ ಎಂದು ನಾನು ಹಲ್ಲು ಕಚ್ಚಿದೆ. ಐವತ್ತು ಮೀಟರ್ ಉಳಿದಾಗ ಅವನ ಭುಜ ನೋಡಿದೆ. ಅಲುಗುತ್ತಿರಲಿಲ್ಲ.

ಆಗ ತಿರುಗಿ ನೋಡಿದೆ. ನನ್ನ ಗಾಲಿಗೆ ಅಂಟಿಕೊಂಡು ಕೆಂಪು ಅಂಗಿಯ, ದಪ್ಪ ಮೀಸೆಯ, ನಾನು ಎಂದೂ ಮಾತಾಡಿಸದ ಒಬ್ಬ ಬರುತ್ತಿದ್ದ. ಅವನ ಸೈಕಲಿನಲ್ಲಿ ನಮ್ಮ ಬಾಟಲಿ ಇತ್ತು. ನಾನು ಅಣ್ಣನ ಮಗ್ಗುಲಿಗೆ ಬಂದಾಗ ಅಣ್ಣ ನನ್ನ ಮುಖ ನೋಡಿ ನಕ್ಕ. ಆಮೇಲೆ ನನ್ನ ಹಿಂದೆ ನೋಡಿದ. ನಗು ಹಾಗೇ ನಿಂತುಬಿಟ್ಟಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಂಪು ಅಂಗಿಯವನು ಗೆದ್ದ. ಅಣ್ಣ ಏಳನೆಯವನೋ ಎಂಟನೆಯವನೋ ಆದ. ನಾನು ಆ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂದೆ, ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಆದರೆ ಊರ ಬಾಗಿಲಿಗೆ ಗುಂಪನ್ನು ಎಳೆದುಕೊಂಡು ಬಂದವನು ನಾನೇ. ಅಣ್ಣನನ್ನು ಹಿಂದೆ ಕೂಡಿಸಿಕೊಂಡು ಹೇಗಾದರೂ ಸರಿಮಾಡಬೇಕು ಎಂದು ಸತ್ತು ತುಳಿಯುತ್ತಿದ್ದೆ. ನಮ್ಮ ಓಣಿಯವರು ಅಷ್ಟನ್ನೇ ನೋಡಿದರು. ನನ್ನ ಕೊರಳಿಗೆ ಹಾರ ಹಾಕಿದರು. ಅವ್ವ ಎಲ್ಲರ ಮುಂದೆ ನನ್ನ ಗಲ್ಲ ಹಿಡಿದು ಲಟಿಕೆ ಮುರಿದಳು. ಹಾರದ ಸಂದಿಯಿಂದ ನೋಡಿದರೆ ಅಣ್ಣ ಜೀಪಿನ ನೆರಳಿನಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಕೋಚ್ ಸಾಹೇಬರು ಬಂದು, "ಯಾರ ಸಲುವಾಗಿ ದುಡದಿ ಇವತ್ತ? ಹೇಳು, ಯಾರ ಸಲುವಾಗಿ?" ಎಂದು ಕೇಳಿದರು. ಅಣ್ಣ ಏನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಹೋದ.

ಒಂದು ತಿಂಗಳಾದ ಮೇಲೆ ಕಂಪನಿಯವರು ಅಣ್ಣನ ಜಾಗಕ್ಕೆ ನನ್ನನ್ನೇ ನಾಯಕನನ್ನಾಗಿ ಮಾಡಿದರು. ಮೂವತ್ತು ಮಂದಿಯನ್ನು ಒಬ್ಬನೇ ಎಳೆದವನು ಸಾಮಾನ್ಯನಲ್ಲ ಅಂದರಂತೆ. ಹಾಗೆ ನಾಲ್ಕು ವರ್ಷ ನಾಯಕನಾಗಿದ್ದೆ. ಒಂದನ್ನೂ ಗೆಲ್ಲಲಿಲ್ಲ. ತಿರುಗಿ ತಿರುಗಿ ನೋಡುವ ಚಟ ಹತ್ತಿತ್ತು. ಅಣ್ಣನಿಗೆ ಎಷ್ಟೋ ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಜಾಗಕ್ಕಾಗಿ ನಾನು ಬೇಕಂತಲೇ ಮಾಡಿದೆ ಎಂದು ತಿಳಿದಿದ್ದಾನೆ, ಅದಕ್ಕೇ ಎತ್ತುವುದಿಲ್ಲ ಎಂದು ಖಾತ್ರಿಯಾಯಿತು. ಆ ನಗುವಿನ ಅರ್ಥ ಮಾತ್ರ ಆಗಲಿಲ್ಲ. ಹಿಡಿಯಲು ಬಂದವನನ್ನು ನೋಡಿ ಯಾರಾದರೂ ನಗುತ್ತಾರೆಯೇ?

ಹೋದ ವರ್ಷ ಹೆಂಡತಿಯ ತಂಗಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಚಂದಾಪುರಕ್ಕೆ ಹೋಗಿದ್ದೆವು. ಕೊಬ್ಬರಿ ಸಾಲದು ಎಂದು ನನ್ನನ್ನು ಬಜಾರಿಗೆ ಅಟ್ಟಿದರು. ಅಂಗಡಿಯೊಂದರ ಮುಂದೆ ಪೈಪಿನ ಸುರುಳಿ ಹೆಗಲಿಗೆ ಹಾಕಿಕೊಂಡು ಒಬ್ಬ ನಿಂತಿದ್ದ. ಭುಜ ನೋಡಿಯೇ ಗುರುತು ಹಿಡಿದೆ. ಓಡಿಹೋಗಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಅವನೇ ತಿರುಗಿದ.

"ಏ ಶಹಾಬಾದಾ!"

"ಅಣ್ಣಾ, ಆರಾಮ ಇದ್ದೀರಿ?" ಅಂದೆ. ಅಪರಿಚಿತರ ಜೊತೆ ಮಾತಾಡಿದ ಹಾಗೆ ಬಂತು.

"ಯಾವಾಗಿಂದ ನನಗ 'ರಿ' ಹಚ್ಚಲಿಕತ್ತಿ? ನಡಿ, ಹೊಲಕ್ಕ ಹೋಗೂಣು. ಊಟ ಅಲ್ಲೇ ಬಂದಿರ್ತದ."

ಕೊಬ್ಬರಿಯನ್ನು ಅಂಗಡಿಯವನ ಕೈಗೆ ಕೊಟ್ಟು ಮನೆಗೆ ಮುಟ್ಟಿಸಲು ಹೇಳಿ, ಪೈಪಿನ ಸುರುಳಿ ಅಪ್ಪಿಕೊಂಡು ಅವನ ಮೋಟಾರ್ ಸೈಕಲ್ ಹತ್ತಿದೆ. ಐನಾಪುರದ ತನಕ ಅವನು ತೊಗರಿಯ ಮಾತೇ ಆಡಿದ. ಬೇವಿನ ಮರದ ಕೆಳಗೆ ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ನಾನು ಮೊದಲ ತುತ್ತು ಮುರಿಯುತ್ತಿದ್ದೆ. ಆಗ ಅಣ್ಣನೇ ಶುರು ಮಾಡಿದ.

"ನಿನ್ನ ಫೋನ್ ಎತ್ತಲಿಲ್ಲ ನಾ. ಮಾರಿ ತೋರಸಲಿಕ್ಕ ಆಗಲಿಲ್ಲ ತಮ್ಮಾ. ಅವತ್ತು ತಪ್ಪು ಮಾಡಿದವ ನಾ."

"ನೀನಾ?"

"ಮತ್ತ? ವಾಡಿ ದಾಟಿದ ಮ್ಯಾಲೆ ಹೊಳ್ಳಿ ನೋಡಿದೆ. ದೂರದಾಗ ನೀ ಕಂಡಿ. ನಿನ್ನ ತಲಿ ಎಡಕ್ಕ ವಾಲತದಲ್ಲ, ಅದರ ಮ್ಯಾಲಿಂದ ಗುರ್ತ ಹಿಡದೆ. ಧೂಳ ಭಾಳ ಇತ್ತು, ಹಿಂದಿನವರು ಕಾಣಲಿಲ್ಲ. ನನ್ನ ತಮ್ಮ ಒಬ್ಬನೇ ಬಿಡಿಸ್ಕೊಂಡು ನನ್ನ ಸಲುವಾಗಿ ಬರಲಿಕತ್ತಾನ ಅಂತ ಹಿಗ್ಗಾತು. ಪೆಡಲ್ ನಿಲ್ಲಿಸಿಬಿಟ್ಟೆ. ನಿನ್ನ ದಾರಿ ಕಾದೆ."

"ಸುಸ್ತಾಗಿ ನಿಲ್ಲಲಿಲ್ಲೇನು?"

"ಎಲ್ಲಿ ಸುಸ್ತು? ಇನ್ನೂ ಇಪ್ಪತ್ತು ಕಿಲೋಮೀಟರ್ ಹೊಡಿತಿದ್ದೆ. ನಾ ನಿಲ್ಲಲಾರದಿದ್ದರ ಅವರ ಅಪ್ಪನ ಕೈಲೂ ನನ್ನ ಹಿಡಿಯೋದು ಆಗ್ತಿದ್ದಿಲ್ಲ. ನೀ ಅವರನ್ನ ಬಿಟ್ಟು ಬರಲಿಕ್ಕ ಬಡದಾಡಿರಬೇಕು, ಅವರು ನಿನಗ ಅಂಟ್ಕೊಂಡು ಬಂದಿರಬೇಕು. ನಿನ್ನ ದುಡಿಮಿ ಎಲ್ಲಾ ನಾ ನಿಂತು ಹಾಳ ಮಾಡಿದೆ."

ಅವನು ಗೆಲ್ಲುತ್ತಿದ್ದ. ನನ್ನ ಮೇಲಿನ ನಂಬಿಕೆಯಿಂದಲೇ ನಿಂತ. ಹತ್ತು ವರ್ಷ ನನ್ನ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ, ತನ್ನನ್ನೇ ಬೈದುಕೊಂಡಿದ್ದ. ಇನ್ನು ಸುಮ್ಮನಿದ್ದರೆ ನಾನು ಮನುಷ್ಯನಲ್ಲ ಅನ್ನಿಸಿತು. ತಾಟು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಗೇಟ್ ದಾಟಿದವನು ಯಾರು ಅಂತ ಕೇಳದೇ ಇದ್ದದ್ದು, ಬಾಟಲಿ ಇನ್ನೊಬ್ಬನ ಕೈ ಸೇರಿದ್ದು, ಆ ನೆರಳು. "ನೀ ಮುಂದಿದ್ದದ್ದು ನನಗ ಗೊತ್ತೇ ಇದ್ದಿಲ್ಲಣ್ಣಾ. ನಿನ್ನನ್ನೇ ಹಿಡಿಲಿಕ್ಕ ಹೊಂಟಿದ್ದೆ" ಅಂದೆ.

ಅಣ್ಣನ ಕಣ್ಣಲ್ಲಿ ನೀರಾಡಿತು. ಆಮೇಲೆ ವೈನಿಯ ಕಡೆ ತಿರುಗಿ, "ನೋಡಿದೇನ? ನಾ ಹೇಳಿದ್ದಿಲ್ಲ ನಿನಗ? ಇವ ಹಿಂಗೇ. ನನ್ನ ಮನಸ್ಸಿಗಿ ಹತ್ತಬಾರದಂತ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಲಿಕತ್ತಾನ" ಅಂದ.

"ಇಲ್ಲಣ್ಣಾ, ಖರೇ ಹೇಳಲಿಕತ್ತೀನಿ. ನಮ್ಮವ್ವನ ಆಣಿ..."

ಅವನು ಹಿಂಡಿ ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದ. "ತಾಯಿ ಆಣಿ ಸುಳ್ಳಿಗಿ ಹಾಕಬ್ಯಾಡ."

ಅವ್ವ ರಸ್ತೆಯಲ್ಲಿ ನಿಂತಿದ್ದಳು, ಅವಳ ಕಣ್ಣಿಗೆ ಮುಂದೆ ಬೀಳಬೇಕು ಎಂಬ ಆಸೆಯೊಂದು ನನಗಿತ್ತು ಎಂಬ ಮಾತೊಂದೇ ಹೇಳದೆ ಉಳಿದಿತ್ತು. ಅದೊಂದನ್ನು ಹೇಳಿದ್ದರೆ ಅವನು ನಂಬುತ್ತಿದ್ದನೋ ಏನೋ. ವೈನಿ ಇನ್ನೊಂದು ರೊಟ್ಟಿ ಹಾಕಿದರು. ನಾನು ಉಂಡೆ.

ಸಂಜೆಯಾಗುವ ಮೊದಲು ಅಣ್ಣ ನನ್ನನ್ನು ತೊಟ್ಟಿಲ ಮನೆಯ ಮುಂದೆ ತಂದು ಇಳಿಸಿದ. ಬಾಗಿಲಲ್ಲಿ ನನ್ನ ಹೆಂಡತಿ, ಷಡ್ಡಕ, ನಾಲ್ಕಾರು ಬೀಗರು ನಿಂತಿದ್ದರು. "ಇಂಥ ತಮ್ಮ ಎಲ್ಲರಿಗೂ ಸಿಗೂದಿಲ್ರಿ," ಎಂದು ಅವರೆಲ್ಲರಿಗೂ ಕೇಳುವ ಹಾಗೆ ಹೇಳಿ, ನನಗಿಂತ ಹತ್ತು ವರ್ಷ ದೊಡ್ಡವನು ನನಗೆ ಕೈ ಮುಗಿದ. ಬೇಡ ಅನ್ನಬೇಕಿತ್ತು. ನಾನೂ ಕೈ ಮುಗಿದು ಒಳಗೆ ಹೋದೆ.